ಸೈಟಿಗಿಂತ ಮೊದಲು ಬೀದಿ

ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ಒಂದಿಂಚು ದಾರಿಯನ್ನೂ ಬಿಡದೆ ಅದನ್ನು 30–40ರ ಸೈಟುಗಳಾಗಿ ಕತ್ತರಿಸಿದರೆ 36 ಸೈಟುಗಳಾಗುತ್ತವೆ. ದಾರಿಯಿಲ್ಲದ ಸೈಟನ್ನು ಯಾರೂ ಕೊಳ್ಳುವುದಿಲ್ಲ. ಆದ್ದರಿಂದ 20 ಅಡಿಯ ರಸ್ತೆ ಬಿಟ್ಟು ಜಮೀನಿನ ಮುಕ್ಕಾಲು ಪಾಲನ್ನು ಮಾರಿದರೆ 27 ಸೈಟು ಸಿಗುತ್ತವೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳಂತೆ ನಡೆದರೆ ಮನೆ ಸೈಟುಗಳಿಗೆ ಸಿಗುವುದು ಹೆಚ್ಚೆಂದರೆ ಶೇ. 55ರಷ್ಟು ಜಾಗ. ಶೇ. 10 ಉದ್ಯಾನಕ್ಕೆ, ಶೇ. 5 ನಾಗರಿಕ ಸೌಲಭ್ಯಕ್ಕೆ, ಮಿಕ್ಕದ್ದು ರಸ್ತೆಗೆ ಹೋಗುತ್ತದೆ. ಆಗ ಅದೇ ಎಕರೆಯಲ್ಲಿ 20 ಸೈಟು ಮಾತ್ರ. ಈ 27ಕ್ಕೂ 20ಕ್ಕೂ ನಡುವಿನ 7 ಸೈಟುಗಳ ಆಸೆಯೇ ನಮ್ಮ ಊರುಗಳ ಅಂಚಿನಲ್ಲಿ ನಕ್ಷೆ ಮಂಜೂರಾಗದ ರೆವಿನ್ಯೂ ಬಡಾವಣೆಗಳನ್ನು ಬೆಳೆಸುತ್ತಿದೆ. ಅಗಲವಾದ ಬೀದಿ, ಮಕ್ಕಳ ಬಯಲು, ಅಂಗನವಾಡಿ, ನೀರಿನ ಟ್ಯಾಂಕು, ಟ್ರಾನ್ಸ್‌ಫಾರ್ಮರ್ ಇವೆಲ್ಲ ಇರಬೇಕಾಗಿದ್ದ ಜಾಗ ಅದೇ. ಜಮೀನನ್ನು ನಿವೇಶನಗಳಾಗಿ ವಿಂಗಡಿಸುವ ನಿಯಮಗಳ ಪರವಾಗಿ ಇವತ್ತು ಮಾತನಾಡಬೇಕೆಂದಿದ್ದೇನೆ. ಇರುವ ನಿಯಮಗಳೆಲ್ಲ ಸರಿಯಾಗಿವೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಯಾವ ನಿಯಮವನ್ನು ಏನೇ ಆದರೂ ಬಿಟ್ಟುಕೊಡಬಾರದು, ಯಾವುದನ್ನು ಸಡಿಲಿಸಿದರೆ ಬಡವರಿಗೆ ಅನುಕೂಲ ಎಂಬುದನ್ನು ಬಿಡಿಸಿ ನೋಡೋಣ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಚುಟುಕಾಗಿ ತಿಳಿಯೋಣ. ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆದೇಶ ಬೇಕು. ಜನ ಡಿ.ಸಿ. ಕನ್ವರ್ಷನ್ ಎನ್ನುವುದು ಇದನ್ನೇ. ಎಷ್ಟೋ ಮಂದಿ ಇಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿದಿದ್ದಾರೆ. ಮಾರುವವರೂ ಹಾಗೆಯೇ ತಿಳಿಸುತ್ತಾರೆ. ಪರಿವರ್ತನೆಯಿಂದ ಜಮೀನಿನ ಬಳಕೆ ಬದಲಾಗುತ್ತದೆ, ಬಡಾವಣೆ ಹುಟ್ಟುವುದಿಲ್ಲ. ಬಡಾವಣೆಯ ನಕ್ಷೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಮಿನಡಿ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ 1976ರ ಅದರ ಕಾಯ್ದೆಯ 32ನೇ ಕಲಮು ಕೂಡ ಇದೆ. ಮಂಜೂರಾತಿ ಸಿಗಬೇಕಾದರೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಮಾಲೀಕರು ನೋಂದಾಯಿತ ಪತ್ರದ ಮೂಲಕ, ಹಣ ಪಡೆಯದೆ, ಸಾರ್ವಜನಿಕ ಸಂಸ್ಥೆಗೆ ಬಿಟ್ಟುಕೊಡಬೇಕು. ರಸ್ತೆ, ಚರಂಡಿ, ನೀರು, ವಿದ್ಯುತ್ತಿನ ಕೆಲಸ ಮುಂದುವರಿದಂತೆ ಸೈಟುಗಳು ಹಂತಹಂತವಾಗಿ ಮಾರಾಟಕ್ಕೆ ಬಿಡುಗಡೆಯಾಗುತ್ತವೆ. ಇದರ ಮೇಲೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯೂ ಇದೆ. 500 ಚದರ ಮೀಟರಿಗಿಂತ ದೊಡ್ಡ ಜಮೀನಿನಲ್ಲಿ ಸೈಟು ಮಾಡಿ ಮಾರುವವರು ಮಾರುವ ಮೊದಲೇ ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಕೊಳ್ಳುವವರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. 500 ಚದರ ಮೀಟರ್ ಎಂದರೆ 5 ಗುಂಟೆಗೂ ತುಸು ಕಡಿಮೆ. ಕಾಗದದ ಮೇಲಂತೂ ಈ ಬೇಲಿಯನ್ನು ದಾಟುವುದು ಸುಲಭವಲ್ಲ.

ಈ ನಿಯಮಗಳು ಯಾಕೆ ಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ಊರು ಚೆನ್ನಾಗಿ ಕಾಣಬೇಕು, ಶಿಸ್ತಿರಬೇಕು. ಈ ಉತ್ತರ ಸಾಲದು. ಚೆಂದದ ಹೆಸರಿನಲ್ಲಿ ಬಡವರ ಮನೆ ತಡೆಯುವುದು ನ್ಯಾಯವೂ ಅಲ್ಲ. ನಿಜವಾದ ಕಾರಣ ಬೇರೆ ಇದೆ. ಮನೆಯನ್ನು ಆಮೇಲೆ ಸರಿಪಡಿಸಬಹುದು, ಬೀದಿಯನ್ನು ಆಗುವುದಿಲ್ಲ. ಶೀಟಿನ ಮನೆ ಹತ್ತು ವರ್ಷದಲ್ಲಿ ತಾರಸಿಯಾಗುತ್ತದೆ, ಮಗನ ಮದುವೆಯ ಹೊತ್ತಿಗೆ ಮೇಲೊಂದು ಮಹಡಿ ಏಳುತ್ತದೆ. ಮಣ್ಣಿನ ರಸ್ತೆಗೆ ಇವತ್ತಲ್ಲ ನಾಳೆ ಡಾಂಬರು ಬೀಳುತ್ತದೆ. 20 ಅಡಿಯ ಬೀದಿ ಮಾತ್ರ ಎಂದೂ 30 ಅಡಿಯಾಗುವುದಿಲ್ಲ. ಎರಡೂ ಬದಿಯಲ್ಲಿ ಮನೆ ಎದ್ದ ಮೇಲೆ ಐದೈದು ಅಡಿ ಹಿಂದೆ ಸರಿಯಿರಿ ಎಂದು ಯಾರನ್ನೂ ಕೇಳಲಾಗದು. ಕೇಳಿದರೂ ಪರಿಹಾರಕ್ಕೆ ಬೇಕಾಗುವ ಹಣ ಯಾವ ಪುರಸಭೆಯ ಬೊಕ್ಕಸದಲ್ಲೂ ಇರುವುದಿಲ್ಲ. ಮೊದಲ ದಿನ ದಾರ ಕಟ್ಟಿ, ಸುಣ್ಣದ ಗೆರೆ ಎಳೆದು, ಮೂಲೆಕಲ್ಲು ನೆಡುವಾಗ ಆದ ತೀರ್ಮಾನ ಮೂರು ನಾಲ್ಕು ತಲೆಮಾರಿನವರೆಗೆ ಉಳಿಯುತ್ತದೆ. ಹಾಗಾಗಿ ನಿಯಮದ ಬಿಗಿಯೆಲ್ಲ ಆ ದಿನಕ್ಕೇ ಇರಬೇಕು.

20 ಅಡಿಯ ಬೀದಿಯೊಂದನ್ನು ಹತ್ತಿರದಿಂದ ನೋಡಿ. ಎರಡೂ ಪಕ್ಕ ಎರಡೆರಡು ಅಡಿಯ ಚರಂಡಿ ಹೋದರೆ 16 ಅಡಿ ಉಳಿಯಿತು. ಮಳೆನೀರು ಒಳಗೆ ಬರದಿರಲೆಂದು ಮನೆಗಳ ಪಾಯವನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟಿರುತ್ತಾರೆ. ಸ್ಕೂಟರ್ ಹತ್ತಿಸಲು ಚರಂಡಿಯ ಮೇಲೆ ಕಡಪ ಕಲ್ಲು ಹಾಸಿ, ಅದರಾಚೆಗೆ ಎರಡಡಿ ಇಳಿಜಾರು ಮಾಡಿರುತ್ತಾರೆ. ಎರಡು ಕಡೆಯಿಂದ ಸೇರಿ ಇನ್ನು ನಾಲ್ಕು ಅಡಿ ಹೋಯಿತು. ಉಳಿದ 12 ಅಡಿಯಲ್ಲಿ ಒಂದು ಬದಿ ಕಾರು ನಿಂತರೆ ಆರು ಅಡಿ ಅದಕ್ಕೆ. ಲೈಟು ಕಂಬವನ್ನೂ, ಮನೆ ಕಟ್ಟುವವರು ಸುರಿದ ಮರಳಿನ ರಾಶಿಯನ್ನೂ ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಅಗ್ನಿಶಾಮಕ ವಾಹನದ ಅಗಲ ಸುಮಾರು ಎಂಟು ಅಡಿ. ಬೀದಿಯ ಕೊನೆಯ ಮನೆಗೆ ಬೆಂಕಿ ಬಿದ್ದರೆ ಅದು ತಿರುವಿನಲ್ಲೇ ನಿಲ್ಲಬೇಕಾಗುತ್ತದೆ. ನೀರಿನ ಟ್ಯಾಂಕರ್ ಹಿಂದುಹಿಂದಕ್ಕೆ ಬಂದು ಹೋಗುತ್ತದೆ. ಆಂಬುಲೆನ್ಸ್ ಬಂದರೆ ಕಾರಿನವರನ್ನು ಮನೆಯಿಂದ ಕೂಗಿ ಕರೆಯಬೇಕು. ಅಲ್ಲಿ ಸೈಟು ಕೊಂಡವರು ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ವ್ಯವಹಾರವನ್ನೇ ಮಾಡಿದ್ದಾರೆ. ಕೆಟ್ಟದ್ದು ಅವರೆಲ್ಲರಿಗೂ ಸೇರಿದ ಬೀದಿ, ಮತ್ತು ಮಾರಾಟದ ಹೊತ್ತಿನಲ್ಲಿ ಆ ಬೀದಿಯ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. ಇನ್ನೂ ಬಂದು ಸೇರದ ನೆರೆಹೊರೆಯ ಪರವಾಗಿ ಆ ಹೊತ್ತಿನಲ್ಲಿ ಮಾತನಾಡುವುದು ನಿಯಮ ಒಂದೇ.

ಇದಕ್ಕೆ ಎದುರಾಗಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನು ನೋಡಬಹುದು. 1890ರ ದಶಕದಲ್ಲಿ ಯೋಜಿಸಿದ ಈ ಎರಡು ಬಡಾವಣೆಗಳು 1898ರ ಪ್ಲೇಗಿನ ನಂತರ ಬೇಗ ತುಂಬಿಕೊಂಡವು. ನೇರವಾದ ಅಡ್ಡರಸ್ತೆಗಳು, ಹಿತ್ತಿಲ ಕಡೆ ಕಸ ಮತ್ತು ಮಲ ಸಾಗಿಸಲು ಬಿಟ್ಟ ಕಿರುಓಣಿಗಳು, ನಡುನಡುವೆ ಬಯಲು. ಇಕ್ಕಟ್ಟಾದ ಪೇಟೆಯಲ್ಲಿ ರೋಗ ಹಬ್ಬಿದ್ದನ್ನು ಕಂಡ ಕಾಲ ಅದು. ಮೈಸೂರು 1903ರಲ್ಲೇ ನಗರ ಸುಧಾರಣೆಗಾಗಿ ಒಂದು ಟ್ರಸ್ಟ್ ಬೋರ್ಡನ್ನು ಕಟ್ಟಿಕೊಂಡಿತ್ತು. ಬಸವನಗುಡಿಯಲ್ಲಿ ಅಂದು ಎದ್ದ ಹೆಂಚಿನ ಮನೆಗಳಲ್ಲಿ ಬಹುಪಾಲು ಈಗಿಲ್ಲ. ಅವುಗಳ ಜಾಗದಲ್ಲಿ ತಾರಸಿ ಮನೆ, ತಾರಸಿ ಮನೆಯ ಜಾಗದಲ್ಲಿ ಫ್ಲ್ಯಾಟು ಬಂದಿವೆ. ಬೀದಿಗಳು ಮಾತ್ರ ಇದ್ದಲ್ಲೇ ಇವೆ. ಎತ್ತಿನ ಗಾಡಿಯ ಕಾಲದಲ್ಲಿ ಎಳೆದ ಗೆರೆ ಬಸ್ಸನ್ನೂ, ಒಳಚರಂಡಿ ಕೊಳವೆಯನ್ನೂ, ನೆಲದಡಿಯ ಕೇಬಲ್ಲನ್ನೂ ತಾಳಿಕೊಂಡಿದೆ. ಆ ಬಡಾವಣೆಗಳಲ್ಲಿ ಎಲ್ಲ ಜಾತಿ, ಎಲ್ಲ ವರ್ಗದವರಿಗೆ ಸಮನಾದ ಜಾಗವಿರಲಿಲ್ಲ ಎಂಬುದು ನಿಜ. ಅದನ್ನು ಮರೆತು ಹಳೆಯ ಬೆಂಗಳೂರನ್ನು ಹೊಗಳುವುದು ಸರಿಯಲ್ಲ. ಆದರೆ ಆ ಅನ್ಯಾಯ ಇದ್ದದ್ದು ಸೈಟು ಯಾರಿಗೆ ಸಿಗಬೇಕು ಎಂಬಲ್ಲಿ. ಬೀದಿ ಎಷ್ಟು ಅಗಲ ಇರಬೇಕು ಎಂಬ ತೀರ್ಮಾನದ ಫಲವನ್ನು ಇವತ್ತು ಅಲ್ಲಿ ನಡೆದಾಡುವ ಎಲ್ಲರೂ ಉಣ್ಣುತ್ತಿದ್ದಾರೆ.

ಅಗಲದಷ್ಟೇ ದೊಡ್ಡ ಸಮಸ್ಯೆ ಇನ್ನೊಂದಿದೆ, ಅದರ ಬಗ್ಗೆ ಚರ್ಚೆ ನಡೆಯುವುದು ತೀರ ಕಡಿಮೆ. ನಮ್ಮ ಹೊಸ ಬಡಾವಣೆಗಳ ಬೀದಿಗಳು ಒಂದಕ್ಕೊಂದು ಕೂಡುವುದಿಲ್ಲ. ಯಾಕೆಂದರೆ ಅವುಗಳ ಆಕಾರ ಹೊಲದ ಆಕಾರ. ಅಣ್ಣತಮ್ಮಂದಿರ ಪಾಲಿನಲ್ಲಿ ಉದ್ದುದ್ದಕ್ಕೆ ಸೀಳಿದ ಎರಡು ಎಕರೆಯ ಪಟ್ಟಿಯನ್ನು ಬಡಾವಣೆ ಮಾಡಿದರೆ ನಡುವೆ ಒಂದೇ ಓಣಿ. ಆ ಓಣಿ ಸರ್ವೆ ನಂಬರಿನ ಗಡಿಗೆ ಬಂದು ನಿಲ್ಲುತ್ತದೆ. ಪಕ್ಕದ ಜಮೀನಿನವರು ಐದು ವರ್ಷದ ನಂತರ ತಮ್ಮದನ್ನು ಬಡಾವಣೆ ಮಾಡುತ್ತಾರೆ. ಅವರ ಓಣಿ ಇನ್ನೊಂದು ದಿಕ್ಕಿನಿಂದ ಬಂದು ಅದೇ ಗಡಿಯಲ್ಲಿ ನಿಲ್ಲುತ್ತದೆ. ಎರಡರ ನಡುವೆ ಒಂದು ಕಾಂಪೌಂಡ್ ಗೋಡೆ. ಈಚೆ ಮನೆಯ ಮಗು ಆಚೆ ಬೀದಿಯ ಶಾಲೆಗೆ ಹೋಗಬೇಕಾದರೆ ಮುಖ್ಯರಸ್ತೆಗೆ ಬಂದು, ಸುತ್ತು ಹಾಕಿ, ಮತ್ತೆ ಒಳಗೆ ಹೋಗಬೇಕು. ಒಂದೊಂದು ಬಡಾವಣೆಯೂ ತನ್ನ ಮಟ್ಟಿಗೆ ನಿಯಮ ಪಾಲಿಸಿದ್ದರೂ ಹೀಗಾಗಬಹುದು. ಊರಿನ ಮುಖ್ಯರಸ್ತೆಗಳ ದಟ್ಟಣೆಗೆ ಒಳಗಿನ ಬೀದಿಗಳು ಎಲ್ಲಿಗೂ ಹೋಗದಿರುವುದೂ ಒಂದು ಕಾರಣ. ಗುಜರಾತಿನವರು ಇದಕ್ಕೆ ಬಹಳ ಹಿಂದೆಯೇ ಒಂದು ದಾರಿ ಹುಡುಕಿಕೊಂಡರು. 1915ರ ಬಾಂಬೆ ನಗರ ಯೋಜನಾ ಕಾಯ್ದೆಯಿಂದ ಬಂದ ಆ ಪದ್ಧತಿಯಲ್ಲಿ, ಒಂದು ಪ್ರದೇಶದ ಎಲ್ಲ ಜಮೀನುಗಳನ್ನೂ ನಕ್ಷೆಯ ಮೇಲೆ ಒಟ್ಟುಗೂಡಿಸಿ, ಮೊದಲು ರಸ್ತೆ, ಬಯಲು, ಶಾಲೆಯ ಜಾಗ ಗುರುತಿಸುತ್ತಾರೆ. ಒಬ್ಬೊಬ್ಬ ಮಾಲೀಕರಿಂದಲೂ ಒಂದು ಪಾಲನ್ನು ಅದಕ್ಕಾಗಿ ತೆಗೆದುಕೊಂಡು, ಉಳಿದುದನ್ನು ರಸ್ತೆಗೆ ಮುಖ ಮಾಡಿದ ಚೊಕ್ಕ ತುಂಡುಗಳಾಗಿ ಅವರಿಗೇ ಹಿಂದಿರುಗಿಸುತ್ತಾರೆ. ಅಹಮದಾಬಾದಿನ ಬಹುಭಾಗ ಬೆಳೆದದ್ದು ಹೀಗೆ. ರೈತ ಜಮೀನು ಕಳೆದುಕೊಂಡು ಪರಿಹಾರಕ್ಕಾಗಿ ಕೋರ್ಟಿಗೆ ಅಲೆಯುವ ಪ್ರಮೇಯ ಕಡಿಮೆ, ಕೈಯಲ್ಲಿ ಉಳಿದ ತುಂಡಿಗೆ ಬೆಲೆ ಹೆಚ್ಚು. ನಮ್ಮ 1961ರ ಕಾಯ್ದೆಯಲ್ಲೂ ನಗರ ಯೋಜನಾ ಸ್ಕೀಮುಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಅದು ಬಹುಮಟ್ಟಿಗೆ ಪುಸ್ತಕದಲ್ಲೇ ಉಳಿದಿರುವುದು ದುಃಖದ ಸಂಗತಿ.

ನೀರಿನ ಮಾತಿಗೆ ಬಂದರೆ ಹೊಲದ ಗಡಿ ಮತ್ತು ಬಡಾವಣೆಯ ಗಡಿ ಎರಡೂ ಅರ್ಥವಿಲ್ಲದವು. ಮಳೆನೀರು ಸರ್ವೆ ನಂಬರು ನೋಡಿ ಹರಿಯುವುದಿಲ್ಲ. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆ ಹತ್ತಾರು ಹಿಡುವಳಿಗಳನ್ನು ಹಾದು ಹೋಗುತ್ತದೆ. ನಕ್ಷೆ ಮಂಜೂರಾಗದ ಬಡಾವಣೆಯಲ್ಲಿ ಮೊದಲು ಮಾಯವಾಗುವುದು ಇಂಥ ಕಾಲುವೆಯೇ. ಬೇಸಿಗೆಯಲ್ಲಿ ಒಣಗಿ ಹಳ್ಳದಂತೆ ಕಾಣುವ ಅದನ್ನು ಮಣ್ಣು ತುಂಬಿ ಮಟ್ಟ ಮಾಡಿದರೆ ಎರಡು ಸೈಟು ಹೆಚ್ಚಿಗೆ ಸಿಗುತ್ತವೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಹದೇವಪುರದ ಕಡೆ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಸಾಗಿಸಬೇಕಾಯಿತು. ಮುಳುಗಿದ್ದರಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳೂ ಇದ್ದವು. ನಿಯಮ ಮೀರುವುದು ಬಡವರ ಕೆಲಸ ಎಂಬ ನಂಬಿಕೆಯನ್ನು ಆ ಮಳೆ ಅಳಿಸಿಹಾಕಬೇಕಿತ್ತು. ಬೆಂಗಳೂರಿನ 2015ರ ಮಹಾಯೋಜನೆಯ ನಿಯಮದಲ್ಲಿ ಕೆರೆಯ ಸುತ್ತ 30 ಮೀಟರ್, ಕಾಲುವೆಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಜಾಗ ಬಿಡಬೇಕೆಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟು ಹಳೆಯ ಅಳತೆಗೇ ಮರಳಿಸಿತು. ಅಳತೆ ಎಷ್ಟಿರಬೇಕೆಂದು ತಜ್ಞರು ವಾದಿಸಲಿ. ಸೈಟಿನ ಗೆರೆ ಎಳೆಯುವ ಮೊದಲು ನೀರಿನ ಗೆರೆ ಎಳೆಯಬೇಕು ಎಂಬಲ್ಲಿ ಎರಡು ಮಾತಿರಬಾರದು. ಕೊಳವೆಯಲ್ಲಿ ಬರುವ ನೀರಿನ ಕತೆಯೂ ಇದೇ. 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷ. ಮೊದಲೇ ಜಾಗ ಬಿಡದ ಇಕ್ಕಟ್ಟು ಓಣಿಗಳನ್ನು ಅಗೆದು, ಮುಚ್ಚಿ, ಮತ್ತೆ ಅಗೆದು ಕೊಳವೆ ಹಾಕುವ ಕಷ್ಟವನ್ನು ಆ ಭಾಗದ ಜನ ಉಂಡಿದ್ದಾರೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ, ಅದನ್ನು ಗೌರವದಿಂದ ಕೇಳಬೇಕು. ಎಕರೆಗೆ 27 ಸೈಟಿನ ಬದಲು 20 ಆದರೆ, ಜಮೀನಿನ ಬೆಲೆ ಅಷ್ಟೇ ಇರುವಾಗ, ಒಂದೊಂದು ಸೈಟಿನ ಮೇಲೂ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಹೊರೆ ಬೀಳುತ್ತದೆ. ಚರಂಡಿ, ಕಂಬ, ಶುಲ್ಕಗಳ ಖರ್ಚು ಬೇರೆ. ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳು, ಗಾರೆ ಕೆಲಸದವರು, ಆಟೋ ಓಡಿಸುವವರು ಚೀಟಿ ಹಾಕಿ, ಒಡವೆ ಅಡವಿಟ್ಟು ಕೂಡಿಸಿದ ಹಣಕ್ಕೆ ಸಿಗುವುದು ರೆವಿನ್ಯೂ ಸೈಟು ಮಾತ್ರ. ಬಾಡಿಗೆಯ ಭಯದಿಂದ ಪಾರಾಗಲು ಅವರಿಗೆ ಇರುವ ಬಾಗಿಲು ಅದೊಂದೇ. ಅದನ್ನು ನಿಯಮದ ಹೆಸರಿನಲ್ಲಿ ಮುಚ್ಚಿ ಬೇರೆ ಬಾಗಿಲು ತೆರೆಯದಿದ್ದರೆ ನಿಯಮವು ಉಳ್ಳವರ ಕಾವಲುಗಾರನಾಗುತ್ತದೆ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒಪ್ಪಿಕೊಂಡೇ ಹೇಳುತ್ತೇನೆ: ಸಡಿಲಿಸಬೇಕಾದದ್ದು ಸೈಟಿನ ಅಳತೆಯನ್ನು ಮತ್ತು ಸೌಕರ್ಯಗಳ ದರ್ಜೆಯನ್ನು, ಬೀದಿಗಳ ಜಾಲವನ್ನಲ್ಲ. 30–40ರ ಬದಲು 20–30ರ ಸೈಟು ಮಾಡಿದರೆ, ನಿಯಮದ ಶೇ. 55ರೊಳಗೇ ಒಂದು ಎಕರೆಗೆ ಸುಮಾರು 40 ಮನೆಗಳಿಗೆ ಜಾಗವಾಗುತ್ತದೆ. ಮೊದಲ ದಿನವೇ ಡಾಂಬರು ಬೇಕಾಗಿಲ್ಲ, ಜಲ್ಲಿ ಹಾಸಿದ ರಸ್ತೆ ಸಾಕು. ಎಲ್ಲ ಓಣಿಯೂ 30 ಅಡಿ ಇರಬೇಕಾಗಿಲ್ಲ. ನಾಲ್ಕಾರು ಮನೆಗಳ ಕಾಲುದಾರಿ ಕಿರಿದಾಗಿದ್ದರೂ ನಡೆಯುತ್ತದೆ. ಆ ಕಾಲುದಾರಿಯಿಂದ ನಾಲ್ಕು ಹೆಜ್ಜೆಯಲ್ಲಿ ಆಂಬುಲೆನ್ಸ್ ತಿರುಗಬಲ್ಲ ರಸ್ತೆ ಸಿಗಬೇಕು, ಆ ರಸ್ತೆ ಎರಡು ತುದಿಯಲ್ಲೂ ಬೇರೆ ರಸ್ತೆಗೆ ಕೂಡಬೇಕು.

ಇದು ಬರಿಯ ಆಶಯವಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 1970ರ ದಶಕದ ಕೊನೆಯಿಂದ ಚೆನ್ನೈನ ಅರುಂಬಾಕ್ಕಂ, ವಿಲ್ಲಿವಾಕ್ಕಂಗಳಲ್ಲಿ, 1980ರ ದಶಕದಲ್ಲಿ ಮುಂಬಯಿಯ ಚಾರ್ಕೋಪಿನಲ್ಲಿ ಹೀಗೇ ಮಾಡಿದರು. ಬೀದಿ, ನೀರು, ಒಳಚರಂಡಿ, ಶಾಲೆಯ ಜಾಗಗಳನ್ನು ಮೊದಲು ಹಾಕಿ, ಬಡವರಿಗೆ ತೀರ ಚಿಕ್ಕ ಸೈಟುಗಳನ್ನು ಕೊಟ್ಟು, ಮನೆಯನ್ನು ಅವರವರ ಶಕ್ತಿಗೆ ತಕ್ಕಂತೆ ಕಟ್ಟಿಕೊಳ್ಳಲು ಬಿಟ್ಟರು. ಆಗ ಅನೇಕರು ಈ ಪ್ರಯತ್ನವನ್ನು ಸೋಲೆಂದು ಬದಿಗೆ ಸರಿಸಿದರು. ಮನೆಗಳು ನಿಧಾನವಾಗಿ ಎದ್ದವು, ಹಣ ನಿಧಾನವಾಗಿ ವಾಪಸ್ಸಾಯಿತು ಎಂಬುದು ಅವರ ದೂರು. ಎರಡು ದಶಕಗಳ ನಂತರ ಮರಳಿ ಅಧ್ಯಯನ ಮಾಡಿದವರಿಗೆ ಕಂಡದ್ದು ಒಳ್ಳೆಯ ಸೌಕರ್ಯಗಳಿರುವ, ಬೇರೆಬೇರೆ ವರಮಾನದವರು ಒಟ್ಟಿಗೆ ಬಾಳುವ, ಜೀವಂತ ಬಡಾವಣೆಗಳು. ತಾನ್ಸಾನಿಯಾದಲ್ಲಿ ಇನ್ನೂ ತಿಳಿಯಾದ ಹೋಲಿಕೆ ಸಿಗುತ್ತದೆ. ಅಲ್ಲಿ 1970, 80ರ ದಶಕಗಳಲ್ಲಿ ಏಳು ನಗರಗಳಲ್ಲಿ ಕೆಲವು ಕಡೆ ಖಾಲಿ ನೆಲದ ಮೇಲೆ ಸೈಟು, ಬೀದಿಗಳನ್ನು ಹೊಸದಾಗಿ ಗುರುತು ಮಾಡಿಕೊಟ್ಟರು, ಕೆಲವು ಕಡೆ ಆಗಲೇ ಎದ್ದಿದ್ದ ಕೊಳೆಗೇರಿಗಳಿಗೆ ರಸ್ತೆ, ನೀರು ಒದಗಿಸಿ ಸುಧಾರಿಸಿದರು. ಹಲವು ದಶಕಗಳ ನಂತರ ಅಳೆದು ನೋಡಿದಾಗ, ಮೊದಲೇ ಗೆರೆ ಎಳೆದ ಕಡೆ ಮನೆಗಳ ಗುಣಮಟ್ಟ, ರಸ್ತೆಯ ಸಂಪರ್ಕ ಎಷ್ಟೋ ಉತ್ತಮವಾಗಿದ್ದವು. ಆಮೇಲೆ ಸುಧಾರಿಸಿದ ಕಡೆಗಳು ಆ ಮಟ್ಟವನ್ನು ಮುಟ್ಟಲಿಲ್ಲ. ಬಡವರಿಗೆ ಅಗ್ಗದ ಸೈಟು ಬೇಕೇ, ಸರಿಯಾದ ಬೀದಿ ಬೇಕೇ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುವವರು ಈ ಫಲಿತಾಂಶಗಳನ್ನು ಗಮನಿಸಬೇಕು.

ಎರಡನೆಯ ಆಕ್ಷೇಪ ಕಚೇರಿಗಳ ಬಗ್ಗೆ. ಮಂಜೂರಾತಿಗೆ ಹೋದರೆ ಕಂದಾಯ ಇಲಾಖೆ, ಯೋಜನಾ ಪ್ರಾಧಿಕಾರ, ವಿದ್ಯುತ್ ಕಂಪನಿ, ನೀರಿನ ಮಂಡಳಿ, ಪಂಚಾಯಿತಿ ಎಂದು ಹತ್ತು ಬಾಗಿಲು. ಸಾಲ ಮಾಡಿ ಜಮೀನು ಕೊಂಡವರಿಗೆ ತಿಂಗಳಿಗೊಂದು ಬಡ್ಡಿಯ ಕಂತು. ಮೇಜಿನ ಕೆಳಗಿನ ಖರ್ಚಿನ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇದು ನಿಜವಾದ ತೊಂದರೆ, ನಿಯಮ ಮೀರಲು ಒಂದು ದೊಡ್ಡ ಪ್ರೇರಣೆಯೂ ಹೌದು. ಇದಕ್ಕೆ ಮದ್ದು ನಿಯಮ ತೆಗೆಯುವುದರಲ್ಲಿಲ್ಲ, ನಿಯಮವನ್ನು ಮುಂಚಿತವಾಗಿ ನಕ್ಷೆಯ ಮೇಲೆ ಬರೆದುಬಿಡುವುದರಲ್ಲಿದೆ. ಊರಿನ ಸುತ್ತ ಮುಂದಿನ 20 ವರ್ಷದಲ್ಲಿ ಬೇಕಾಗುವ ದೊಡ್ಡ ರಸ್ತೆಗಳು ಎಲ್ಲಿ ಹಾಯುತ್ತವೆ, ಕಾಲುವೆ ಎಲ್ಲಿದೆ, ಯಾವ ಸರ್ವೆ ನಂಬರಿನ ಯಾವ ಅಂಚಿನಲ್ಲಿ ರಸ್ತೆ ಪಕ್ಕದ ಜಮೀನಿಗೆ ಕೂಡಬೇಕು ಎಂಬುದು ಮೊದಲೇ ಗೊತ್ತಿದ್ದರೆ, ಅಧಿಕಾರಿ ತನ್ನ ಇಷ್ಟದಂತೆ ಹೇಳಲು ಉಳಿಯುವುದು ಕಡಿಮೆ. ನಕ್ಷೆ ಆ ಗೆರೆಗಳಿಗೆ ಹೊಂದಿದರೆ ಗೊತ್ತಾದ ದಿನಗಳೊಳಗೆ ಮಂಜೂರು, ಇಲ್ಲವಾದರೆ ಕಾರಣ ಬರೆದು ವಾಪಸ್ಸು. ಅಸ್ಪಷ್ಟ ನಿಯಮ ಇದ್ದಲ್ಲಿ ಲಂಚ ಬೆಳೆಯುತ್ತದೆ. ಅಳೆದು ನೋಡಬಹುದಾದ ನಾಲ್ಕೇ ನಿಯಮಗಳಿದ್ದರೆ ಅದಕ್ಕೆ ಬೇರೂರಲು ಜಾಗ ಸಾಲದು.

ಜಮೀನು ನನ್ನದು, ಹೇಗೆ ಬೇಕಾದರೂ ಮಾರುತ್ತೇನೆ, ಎನ್ನುವ ರೈತರ ಮಾತಿನಲ್ಲೂ ನ್ಯಾಯವಿದೆ. ಬೆಳೆಗೆ ಬೆಲೆ ಸಿಗದೆ, ಸಾಲ ತೀರಿಸಲು ಹೊಲ ಮಾರುವವರಿಗೆ ಉದ್ಯಾನದ ಜಾಗ ಬಿಡಿ ಎಂದು ಉಪದೇಶ ಮಾಡುವುದು ಕಷ್ಟ. ಆದರೆ ಸೈಟಿನ ಬೆಲೆಯನ್ನು ಹೊಲದ ಬೆಲೆಗಿಂತ ಹತ್ತಾರು ಪಟ್ಟು ಏರಿಸುವುದು ಅದರ ಮಣ್ಣಿನ ಗುಣ ಅಲ್ಲ. ಊರು ಹತ್ತಿರ ಬಂದದ್ದು, ರಸ್ತೆ ಬಂದದ್ದು, ಬಸ್ಸು ಬಂದದ್ದು. ಎಲ್ಲರ ಹಣದಿಂದ ಏರಿದ ಬೆಲೆಯಲ್ಲಿ ಎಲ್ಲರ ಓಡಾಟಕ್ಕೆ ಒಂದು ಪಾಲು ಕೇಳುವುದು ಅನ್ಯಾಯವಾಗದು. ಇಷ್ಟಾಗಿಯೂ ಆ ಹೆಚ್ಚುವರಿ ಲಾಭದಲ್ಲಿ ರೈತರಿಗೆ ಸಿಗುವುದು ಬಹಳ ಸಲ ಅಲ್ಪ, ನಡುವೆ ನಿಂತು ಮುಂಗಡ ಕೊಟ್ಟು ಕರಾರು ಮಾಡಿಕೊಂಡವರಿಗೇ ಹೆಚ್ಚು.

ಕೊನೆಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಆಗಲೇ ಲಕ್ಷಾಂತರ ಜನ ಇಂಥ ಬಡಾವಣೆಗಳಲ್ಲಿ ಬದುಕುತ್ತಿದ್ದಾರಲ್ಲ, ಅವರನ್ನೇನು ಮಾಡುವುದು? ಅವರನ್ನು ಎಬ್ಬಿಸುವ ಮಾತು ಅಮಾನವೀಯ, ಅಸಾಧ್ಯ ಕೂಡ. ರಾಜ್ಯ ಇದಕ್ಕೆ ಮತ್ತೆ ಮತ್ತೆ ಸಕ್ರಮದ ದಾರಿ ಹಿಡಿದಿದೆ. 1991ರಲ್ಲಿ ಒಂದು ಕಾಯ್ದೆ ಬಂತು. 2007ರಲ್ಲಿ ಯೋಜನಾ ಕಾಯ್ದೆಗೆ ತಿದ್ದುಪಡಿಯಾಯಿತು. 2014ರಲ್ಲಿ ನಿಯಮಗಳು ಬಂದವು, 2013ರ ಅಕ್ಟೋಬರ್ 19ರ ಮೊದಲಿನ ಉಲ್ಲಂಘನೆಗಳಿಗೆ ಅನ್ವಯವಾಗುವಂತೆ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಈ ನಡುವೆ ನಗರಗಳಲ್ಲಿ ಬಿ ಖಾತೆ, ಹಳ್ಳಿಗಳಲ್ಲಿ ಇ-ಸ್ವತ್ತಿನ 11ಬಿ ನಮೂನೆ ಎಂದು ಪೂರ್ತಿ ಸಕ್ರಮವೂ ಅಲ್ಲದ, ಅಕ್ರಮವೂ ಅಲ್ಲದ ಒಂದು ಸ್ಥಿತಿ ನೆಲೆಯೂರಿದೆ. ಕಂದಾಯ ಕಟ್ಟಿದ ರಸೀದಿಯನ್ನೂ ನೋಂದಣಿಯಾದ ಕ್ರಯಪತ್ರವನ್ನೂ ಕೈಯಲ್ಲಿಟ್ಟುಕೊಂಡು, ಸರ್ಕಾರವೇ ಒಪ್ಪಿದ ಮೇಲೆ ಇನ್ನೇನು ಎಂದು ಜನ ಕೇಳಿದರೆ ಅವರನ್ನು ತಪ್ಪೆನ್ನಲಾಗದು. ನೋಂದಣಿ ಪತ್ರವನ್ನು ದಾಖಲಿಸುತ್ತದೆ, ಬಡಾವಣೆಯನ್ನು ಮಂಜೂರು ಮಾಡುವುದಿಲ್ಲ; ಖಾತೆ ತೆರಿಗೆಗಾಗಿ ಇರುವುದು, ಹಕ್ಕಿಗಾಗಿ ಅಲ್ಲ. ಇದನ್ನು ವಕೀಲರು ಬಲ್ಲರು, ಚೀಟಿ ಹಣದಲ್ಲಿ ಸೈಟು ಕೊಂಡವರಿಗೆ ಯಾರು ಹೇಳಿದ್ದರು? 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಕೊಡಬಾರದೆಂದಿತು. ಮರುವರ್ಷ ನಮ್ಮ ರಾಜ್ಯದಲ್ಲಿ ಮನೆ ಕಟ್ಟಿ ಮುಗಿಸಿದವರು ಮೀಟರಿಲ್ಲದೆ ಕಾದು ಕುಳಿತರು, ಚಿಕ್ಕ ಮನೆಗಳಿಗೆ ವಿನಾಯಿತಿ ಹುಡುಕಬೇಕಾಯಿತು. ಬಿಗಿ ಹಿಡಿಯಬೇಕಾದ ಜಾಗವನ್ನು ಬಿಟ್ಟು ಎಲ್ಲ ಮುಗಿದ ಮೇಲೆ ಕೊನೆಯ ಬಾಗಿಲಲ್ಲಿ ಬಿಗಿ ಹಿಡಿದರೆ ಹೀಗೇ ಆಗುವುದು. ಮನೆ ಕಟ್ಟಿದವರಿಗೆ ಕರೆಂಟು ತಡೆಯುವ ಬದಲು ಬಡಾವಣೆಯ ಮೊದಲ ಸೈಟು ನೋಂದಣಿಗೆ ಬಂದಾಗಲೇ ಮಂಜೂರಾದ ನಕ್ಷೆ ಎಲ್ಲಿ ಎಂದು ಕೇಳಿದ್ದರೆ, ಶಿಕ್ಷೆ ಮಾರಿದವರ ಮೇಲೆ ಬೀಳುತ್ತಿತ್ತು, ಕೊಂಡವರ ಹಣ ಇನ್ನೂ ಅವರ ಕೈಯಲ್ಲೇ ಇರುತ್ತಿತ್ತು.

ಹಾಗಾದರೆ ಸಕ್ರಮ ಬೇಡವೇ? ಬೇಕು. ಶುಲ್ಕ ಕಟ್ಟಿಸಿಕೊಂಡು ಖಾತೆ ಬದಲಿಸಿಕೊಟ್ಟರೆ ಸಕ್ರಮವಾಯಿತು ಎಂಬ ತಿಳುವಳಿಕೆ ಬೇಡ. ಸೈಟಿನ ಕಾಗದ ಸಕ್ರಮವಾಗಬಹುದು, 20 ಅಡಿಯ ಬೀದಿ ಹಣದಿಂದ ಅಗಲವಾಗದು. ಹೀಗೆ ಬಂದ ಶುಲ್ಕ ರಾಜ್ಯದ ಬೊಕ್ಕಸಕ್ಕೋ ನಗರದ ದೊಡ್ಡ ಕಾಮಗಾರಿಗಳಿಗೋ ಹೋಗದೆ, ಆಯಾ ಬಡಾವಣೆಯ ಹೆಸರಿನಲ್ಲೇ ಉಳಿಯಬೇಕು. ಎಂಥ ಬಡಾವಣೆಯಲ್ಲೂ ಇನ್ನೂ ಮನೆ ಏಳದ ನಾಲ್ಕೆಂಟು ಸೈಟುಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಒಂದೆರಡನ್ನು ಸರಿಯಾದ ಬೆಲೆಗೆ ಕೊಂಡು ಅಂಗನವಾಡಿಗೆ, ಬಯಲಿಗೆ ಬಿಡಬಹುದು. ಓಣಿ ನಿಂತ ಗಡಿಯಲ್ಲಿ ಒಂದು ಖಾಲಿ ಸೈಟಿದ್ದರೆ ಅದನ್ನು ಕೊಂಡು ಆಚೆ ಬೀದಿಗೆ ದಾರಿ ತೆರೆಯಬಹುದು. ಒಂದು ಸೈಟಿನ ಬೆಲೆಗೆ ಎರಡು ಬಡಾವಣೆಗಳ ನೂರಾರು ಮನೆಗಳಿಗೆ ದಾರಿಯಾಗುತ್ತದೆ. ಈ ಅವಕಾಶ ಬಹಳ ದಿನ ಉಳಿಯುವುದಿಲ್ಲ, ಖಾಲಿ ಸೈಟುಗಳು ವರ್ಷವರ್ಷಕ್ಕೂ ತುಂಬುತ್ತಿವೆ.

ಮಂಜೂರಾದ ಬಡಾವಣೆಗಳಲ್ಲೂ ಬಿಟ್ಟ ಜಾಗ ತಾನಾಗಿ ಉಳಿಯುವುದಿಲ್ಲ ಎಂಬುದನ್ನು ಮರೆಯಬಾರದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ಆಸ್ಪತ್ರೆ ಒಳ್ಳೆಯದೇ ಅಲ್ಲವೇ ಎಂಬುದು ಸರ್ಕಾರದ ಕಡೆಯ ವಾದ. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಮೊಕದ್ದಮೆ ಎಂದು ಹೆಸರಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಅಧಿಕಾರದಲ್ಲಿರುವವರು ತಮಗೆ ತೋಚಿದಂತೆ ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗೆ ಇದೆ ಎಂಬುದು ಅದರಿಂದ ಗಟ್ಟಿಯಾಯಿತು. ದೇಶದ ಬೇರೆಬೇರೆ ಊರುಗಳಲ್ಲಿ ಬಯಲು ಉಳಿಸಿಕೊಳ್ಳಲು ಹೋರಾಡುವವರು ಇವತ್ತಿಗೂ ಆ ತೀರ್ಪನ್ನು ಹಿಡಿದು ಹೋಗುತ್ತಾರೆ. ಆ ನಿವಾಸಿಗಳು ಗೆದ್ದದ್ದು ಯಾಕೆಂದರೆ ಅವರ ಬಳಿ ಒಂದು ನಕ್ಷೆ ಇತ್ತು, ಅದರಲ್ಲಿ ಉದ್ಯಾನ ಎಂದು ಬರೆದಿತ್ತು. ನಕ್ಷೆಯೇ ಇಲ್ಲದ ಬಡಾವಣೆಯವರು ಯಾವ ಕೋರ್ಟಿಗೆ ಏನನ್ನು ತೋರಿಸಬೇಕು?

ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ನಾಳಿನ ಬಡಾವಣೆಗಳು ಏಳುವುದು ನಿಮ್ಮಲ್ಲೇ, ಬೆಂಗಳೂರಿನಲ್ಲಿ ಕತ್ತರಿಸಲು ಉಳಿದ ಹೊಲ ಕಡಿಮೆ. ಮಂಜೂರಾದ ಬಡಾವಣೆಯ ರಸ್ತೆ, ಉದ್ಯಾನ, ಸೌಲಭ್ಯದ ಜಾಗಗಳು ಕೊನೆಗೆ ಬಂದು ಸೇರುವುದು ಸ್ಥಳೀಯ ಸಂಸ್ಥೆಯ ಸುಪರ್ದಿಗೆ. ಹಾಗೆ ಬಂದ ಜಾಗ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಅದರ ಚಕ್ಕುಬಂದಿ ಏನು ಎಂಬ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ ಹೇಳುವಂತೆ ಕೇಳಿ. ಬಡಾವಣೆಯ ನಕ್ಷೆಯನ್ನು ಪಂಚಾಯಿತಿ ಕಚೇರಿಯ ಹೊರಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಊರಿನ ಕೆರೆ, ಕಾಲುವೆ, ಬಂಡಿದಾರಿಗಳೂ ಅದರಲ್ಲಿ ಇರಲಿ. ಸೈಟು ಕೊಳ್ಳಲು ಬಂದವರು ಮುಂಗಡ ಕೊಡುವ ಮೊದಲು ಆ ಗೋಡೆಯ ಮುಂದೆ ನಿಂತು, ದಲ್ಲಾಳಿ ತೋರಿಸಿದ ನಂಬರು ಅಲ್ಲಿದೆಯೇ, ಅದರ ಮುಂದಿನ ರಸ್ತೆ ಎಲ್ಲಿಗೆ ಹೋಗಿ ಕೂಡುತ್ತದೆ ಎಂದು ಬೆರಳಿಟ್ಟು ನೋಡಿಕೊಳ್ಳಬಹುದು.